ಕಣ್ಣು ಮುಚ್ಚಿ ಅಂದವರು ಫೋನ್ ನೋಡುತ್ತಿದ್ದರು

ನಿನ್ನೆ ಆಪ್ತಸಮಾಲೋಚಕರಿಗೆ ಅಂತ ಇಟ್ಟಿದ್ದ ಒಂದು ದಿನದ ಮೈಂಡ್‌ಫುಲ್‌ನೆಸ್ ತರಬೇತಿಗೆ ಹೋಗಿದ್ದೆ. ಈ ಕ್ಷಣದಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ಗಮನವಿಟ್ಟು ನೋಡುವ ಅಭ್ಯಾಸ ಅದು. ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಉದ್ದವಾಗುತ್ತೆ, ಆದರೂ ಬರೆದುಬಿಡುತ್ತೇನೆ.

ಬೆಳಗಿನಿಂದ ಸ್ಲೈಡ್ ಮೇಲೆ ಸ್ಲೈಡ್. ಮೆದುಳಿನ ಚಿತ್ರ, ಬಾಣದ ಗುರುತು, ಲಾಭಗಳ ಪಟ್ಟಿ. ಮಧ್ಯಾಹ್ನದ ಹೊತ್ತಿಗೆ "ಈಗ ಅಭ್ಯಾಸ" ಅಂದರು. ಎಲ್ಲರೂ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನ ಇಡಿ, ಹತ್ತು ನಿಮಿಷ. ನಾನು ಕಣ್ಣು ಅರ್ಧ ತೆರೆದೇ ಕೂರುವವಳು, ನಿಮಗೆ ಗೊತ್ತಲ್ಲ. ಹಾಗಾಗಿ ಕಾಣಿಸಿತು. ತರಬೇತಿ ಕೊಡುತ್ತಿದ್ದವರು ಲ್ಯಾಪ್‌ಟಾಪಿನಲ್ಲಿ ಮುಂದಿನ ಸ್ಲೈಡ್ ಹುಡುಕಿದರು. ಆಮೇಲೆ ಫೋನ್ ತೆಗೆದರು. ಹೆಬ್ಬೆರಳು ಪರದೆಯ ಮೇಲೆ ಸರ್ರನೆ ಓಡುತ್ತಿತ್ತು. ನಡುವೆ ಒಂದೆರಡು ಸಲ, ತಲೆ ಎತ್ತದೆ, "ಉಸಿರನ್ನು ಗಮನಿಸಿ" ಅಂದರು.

ಹತ್ತು ನಿಮಿಷ ಮುಗಿಯಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಕಣ್ಣು ಮುಚ್ಚಿದ ತಕ್ಷಣ ಉಸಿರು ಕಟ್ಟಿದ ಹಾಗಾಯ್ತು." ಅವರು ನಕ್ಕರು. "ಮೊದಮೊದಲು ಹಾಗೇ ಆಗುತ್ತೆ, ಮಾಡ್ತಾ ಮಾಡ್ತಾ ಸರಿಹೋಗುತ್ತೆ" ಅಂದು ಸ್ಲೈಡ್ ಬದಲಿಸಿದರು. ಸಂಜೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನಾಳೆಯಿಂದಲೇ ಇದನ್ನು ನಿಮ್ಮ ಕ್ಲೈಂಟ್‌ಗಳಿಗೆ ಮಾಡಿಸಬಹುದು ಅಂತ ಹೇಳಿ ಕಳಿಸಿದರು.

ನಾಳೆಯಿಂದಲೇ ಅಂದರೆ ಇವತ್ತಿನಿಂದ. ಇವತ್ತು ಬೆಳಿಗ್ಗೆ ಎಷ್ಟು ಜನ ಕ್ಲೈಂಟ್‌ಗಳಿಗೆ "ಕಣ್ಣು ಮುಚ್ಚಿ" ಅಂತ ಹೇಳಿರಬಹುದು ಅನ್ನೋದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಫೋನ್ ನೋಡಿದ್ದಕ್ಕೆ ಸಿಟ್ಟಿದೆ, ಸುಳ್ಳು ಹೇಳಲ್ಲ. ಆದರೆ ಅವರೊಬ್ಬರು ಸರಿಯಾದರೆ ಮುಗಿಯುವ ವಿಷಯ ಇದಲ್ಲ. ನಾವೆಲ್ಲ ಸೇರಿ ಮೈಂಡ್‌ಫುಲ್‌ನೆಸ್ ಅನ್ನು ಕ್ಲೈಂಟ್ ಕೈಗೆ ಕೊಡುವ ಮಾತ್ರೆ ಮಾಡಿಬಿಟ್ಟಿದ್ದೇವೆ. ಮೊದಲು ಕೂರಬೇಕಾದವರು ನಾವು. ಸಮಾಲೋಚಕರ ಕುರ್ಚಿಯಲ್ಲಿ ಕೂತವರು ತಮ್ಮ ಗಮನ ಎಲ್ಲಿ ಓಡುತ್ತೆ, ಯಾವ ಮಾತಿಗೆ ಮೈ ಬಿಗಿಯಾಗುತ್ತೆ ಅಂತ ತಿಳಿದುಕೊಳ್ಳದೆ, ಎದುರಿಗಿರುವವರಿಗೆ ಗಮನ ಕಲಿಸೋದು ಹೇಗೆ?

ಇದನ್ನು ಹೊಸದಾಗಿ ನಾನು ಹೇಳುತ್ತಿಲ್ಲ. 1912ರಲ್ಲೇ, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ವೈದ್ಯರಿಗೆ ಕೊಟ್ಟ ಸಲಹೆ ಇದೆ. ಇಂಥದ್ದೇ ಮುಖ್ಯ ಅಂತ ಮೊದಲೇ ಆರಿಸಿಕೊಳ್ಳಬೇಡಿ, ಎಲ್ಲದಕ್ಕೂ ಒಂದೇ ಸಮನಾದ ಗಮನ ಕೊಡಿ ಅನ್ನೋದು ಅದರ ಸಾರ. 1957ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್, ಚಿಕಿತ್ಸೆಗೆ ಬಂದವರ ಬದಲಾವಣೆಗೆ ಏನೇನು ಬೇಕು ಅಂತ ಬರೆದಾಗಲೂ ಒತ್ತು ಕೊಟ್ಟಿದ್ದು ಚಿಕಿತ್ಸಕರು ಎಂಥವರಾಗಿ ಅಲ್ಲಿ ಕೂತಿದ್ದಾರೆ ಅನ್ನೋದಕ್ಕೆ. ನಮಗೆಲ್ಲ ಇದನ್ನು ಪಾಠದಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಆ ಗಮನ ಬರೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ, ಅಲ್ವಾ? ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು ಪಾಸಾದೆವು.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇಲ್ಲಿ ಯಾವತ್ತೂ ಬರೆದಿಲ್ಲ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ನನಗೆ ಈ ಕೆಲಸದಲ್ಲಿ ಆರೇಳು ವರ್ಷ ಆಗಿದ್ದಾಗ ಒಬ್ಬರು ಬರುತ್ತಿದ್ದರು. ತಮ್ಮನನ್ನು ಕಳೆದುಕೊಂಡಿದ್ದರು. ನಾಲ್ಕನೆಯದೋ ಐದನೆಯದೋ ಭೇಟಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದನ್ನು ಹೇಳುತ್ತಾ ಸುಮ್ಮನಾದರು. ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನ ಕೈ ನೋಡಿ ಹೇಳಿದರು: "ಮೇಡಂ, ನನಗೆ ಅಳು ಬಂದಾಗೆಲ್ಲ ನೀವು ಬರೆಯೋಕೆ ಶುರು ಮಾಡ್ತೀರಿ."

ನೋಡಿಕೊಂಡೆ. ನಿಜವಾಗಿಯೂ ಪೆನ್ನು ಕೈಯಲ್ಲಿತ್ತು. ಪುಸ್ತಕದಲ್ಲಿ "ಬಾಗಿಲು, ಬಾಗಿಲು" ಅಂತ ಎರಡು ಸಲ ಬರೆದಿದ್ದೆ. ಅದರಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ. ಅವರು ಹೋದ ಮೇಲೆ ಹಳೆಯ ಹಾಳೆಗಳನ್ನು ತಿರುವಿದೆ. ಬೇರೆ ಬೇರೆ ಜನರ ಹಾಳೆಗಳಲ್ಲೂ ಅದೇ ಕಥೆ. ಎಲ್ಲಿ ದುಃಖ ಜೋರಾಗಿದೆಯೋ ಅಲ್ಲೆಲ್ಲ ನನ್ನ ಅಕ್ಷರ ದಟ್ಟ. ಅವರ ಅಳುವಿಗೂ ನನಗೂ ನಡುವೆ ಪೆನ್ನು ಹಿಡಿದುಕೊಂಡು ಕೂತಿದ್ದೆ, ಆರೇಳು ವರ್ಷ.

ಇದನ್ನು ನನಗೆ ತೋರಿಸಿಕೊಟ್ಟಿದ್ದು ನನ್ನ ಡಿಗ್ರಿ ಅಲ್ಲ, ಒಬ್ಬ ಕ್ಲೈಂಟ್. ಅವರು ಅದಕ್ಕಾಗಿ ಬಂದಿರಲಿಲ್ಲ. ಇವತ್ತಿಗೂ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತೆ.

ಅದಾದ ಮೇಲೆಯೇ ನಾನು ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸಿಗೆ ಸೇರಿದ್ದು. 1979ರಲ್ಲಿ ಜಾನ್ ಕಬಟ್-ಝಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಮಾದರಿ ಅದು. ವಾರಕ್ಕೊಮ್ಮೆ ಎರಡೂವರೆ ಗಂಟೆ, ನಡುವೆ ಒಂದು ಪೂರ್ತಿ ದಿನ ಮೌನ, ಮನೆಯಲ್ಲಿ ದಿನಕ್ಕೆ 45 ನಿಮಿಷ. ಮೊದಲ ಮೂರು ವಾರ ಬೇಜಾರೋ ಬೇಜಾರು. ಮಲಗಿ ಕಾಲ್ಬೆರಳಿನಿಂದ ತಲೆಯವರೆಗೆ ಮೈಯನ್ನು ಗಮನಿಸುವಾಗ ಒಂದೋ ನಿದ್ದೆ, ಇಲ್ಲ ನಾಳೆಯ ಕೆಲಸದ ಯೋಚನೆ. ಐದನೇ ವಾರದ ಹೊತ್ತಿಗೆ ಒಂದು ದಿನ ಕ್ಲೈಂಟ್ ಎದುರು ಕೂತಿದ್ದಾಗ ಬಲ ಭುಜ ಮೆಲ್ಲಗೆ ಮೇಲೇರಿದ್ದು ಗೊತ್ತಾಯಿತು. ಅದರ ಹಿಂದೆಯೇ ಕೈ ಪೆನ್ನಿನ ಕಡೆ ಹೊರಟಿತ್ತು. ಎದುರಿಗಿದ್ದವರ ದನಿ ಆಗಷ್ಟೇ ನಡುಗಿತ್ತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಅಷ್ಟೇ. ಅವರು ಅತ್ತರು. ನಾನು ಅಲ್ಲೇ ಇದ್ದೆ. ಬರೆದರೆ ಒಂದು ಸಾಲಿನ ವಿಷಯ. ನನಗೆ ಅಲ್ಲಿಗೆ ಬರೋಕೆ ಅಷ್ಟು ವರ್ಷ ಬೇಕಾಯಿತು.

ಇದು ಸ್ಲೈಡ್ ನೋಡಿದರೆ ಬರಲ್ಲ. ಸರ್ಟಿಫಿಕೇಟ್ ಕೊಟ್ಟರೂ ಬರಲ್ಲ.

ಖಿನ್ನತೆ ಮರುಕಳಿಸದ ಹಾಗೆ ಮೈಂಡ್‌ಫುಲ್‌ನೆಸ್ ಮತ್ತು ಅರಿವಿನ ಚಿಕಿತ್ಸೆ (ಯೋಚನೆಯ ರೀತಿಯ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಸೇರಿಸಿ ಹೊಸ ವಿಧಾನ ಕಟ್ಟಿದವರು ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್. ಮೂವರೂ ಪಳಗಿದ ಮನೋವಿಜ್ಞಾನಿಗಳು. 1990ರ ದಶಕದಲ್ಲಿ ಶುರು ಮಾಡಿದಾಗ ಅವರೂ ಇದನ್ನು ಕಲಿಸಬಹುದಾದ ಒಂದು ತಂತ್ರ ಅಂತಲೇ ಅಂದುಕೊಂಡಿದ್ದರು. ಕಲಿಸುವವರೂ ಧ್ಯಾನ ಮಾಡಲೇಬೇಕು ಅನ್ನಿಸಿರಲಿಲ್ಲ. ಆದರೆ ಗುಂಪಿನಲ್ಲಿ ಯಾರಾದರೂ ತೀವ್ರ ನೋವು ಹೇಳಿಕೊಂಡಾಗ ಕೈ ಕಟ್ಟಿದ ಹಾಗಾಗುತ್ತಿತ್ತು. ಮತ್ತೆ ಹಳೆಯ ದಾರಿ, ಅಂದರೆ ಸಮಸ್ಯೆ ಬಿಡಿಸಲು ಹೊರಡೋದು. ಕಬಟ್-ಝಿನ್ ಅವರ ಕ್ಲಿನಿಕ್ಕಿಗೆ ಮತ್ತೆ ಹೋಗಿ ನೋಡಿದರು. ಅಲ್ಲಿನ ಶಿಕ್ಷಕರು ಆ ನೋವನ್ನು ಸರಿಮಾಡಲು ಓಡದೆ ಅದರ ಜೊತೆ ಇರಲು ಬಲ್ಲವರಾಗಿದ್ದರು. ಅವರ ಸ್ವಂತ ಅಭ್ಯಾಸದಿಂದಲೇ ಅದು ಬಂದಿದೆ ಅಂತ ಇವರಿಗೆ ಅರ್ಥವಾಯಿತು. ಕಲಿಸಬೇಕಾದರೆ ತಾವೂ ಕೂತು ಅಭ್ಯಾಸ ಮಾಡಲೇಬೇಕು ಅನ್ನುವ ತೀರ್ಮಾನಕ್ಕೆ ಬಂದರು. ಇದನ್ನು 2002ರ ತಮ್ಮ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅಂಥವರಿಗೇ ಬೇಕಾದದ್ದು ನಮಗೆ ಹೇಗೆ ಬೇಡವಾಯಿತು?

ಪುರಾವೆ ಕೇಳುವವರಿಗೆ ಒಂದು. 2007ರಲ್ಲಿ ಜರ್ಮನಿಯ ಒಂದು ಅಧ್ಯಯನ ಪ್ರಕಟವಾಯಿತು. ತರಬೇತಿಯಲ್ಲಿದ್ದ 18 ಮನೋಚಿಕಿತ್ಸಕರು, ಆಸ್ಪತ್ರೆಯಲ್ಲಿದ್ದ 124 ರೋಗಿಗಳು, ಒಂಬತ್ತು ವಾರ. ಒಂದು ಗುಂಪಿನ ಚಿಕಿತ್ಸಕರು ಮಾತ್ರ ಝೆನ್ ಧ್ಯಾನ ಮಾಡುತ್ತಿದ್ದರು. ಯಾರು ಮಾಡುತ್ತಿದ್ದಾರೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಧ್ಯಾನ ಮಾಡಿದ ಚಿಕಿತ್ಸಕರ ರೋಗಿಗಳು ಹೆಚ್ಚು ಚೇತರಿಸಿಕೊಂಡರು. ಧ್ಯಾನ ಮಾಡಿದ್ದು ಇವರು, ಹಗುರಾಗಿದ್ದು ಅವರು! ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ಇದು ಸಣ್ಣ ಅಧ್ಯಯನ, ಮತ್ತು ಈ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಅದನ್ನು ಮುಚ್ಚಿಡೋದು ಸರಿಯಲ್ಲ. ಚಿಕಿತ್ಸಕರ ಸ್ವಂತ ಒತ್ತಡ, ಆತಂಕ ಕಡಿಮೆಯಾಗುತ್ತೆ ಅನ್ನೋದಕ್ಕೆ ಮಾತ್ರ ಆಧಾರ ಇದಕ್ಕಿಂತ ಜಾಸ್ತಿ ಇದೆ.

ಬೆಳಿಗ್ಗೆ ಗೆಳತಿಯೊಬ್ಬಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳೂ ಇದೇ ಕೆಲಸದಲ್ಲಿರುವವಳು. "ದಿನಕ್ಕೆ ಎಂಟು ಜನರನ್ನು ನೋಡ್ತೀನಿ ಕಣೇ, 45 ನಿಮಿಷ ಎಲ್ಲಿಂದ ತರಲಿ? ಒಂದು ದಿನದ್ದಾದರೂ ಸಿಗ್ತಲ್ಲ ಅಂತ ಖುಷಿಪಡು" ಅಂದಳು. ಅರ್ಧ ಒಪ್ಪುತ್ತೇನೆ. ಎಂಟು ಜನರನ್ನು ನೋಡಿಸುವ ಸಂಸ್ಥೆ, ಕೆಲಸ ಕಡಿಮೆ ಮಾಡುವ ಬದಲು ಮೈಂಡ್‌ಫುಲ್‌ನೆಸ್ ತರಬೇತಿ ಇಡೋದು ಅನ್ಯಾಯ. ದಣಿದು ಬರಿದಾದವರಿಗೆ ಬೇಕಾದದ್ದು ಬಿಡುವು. ಅಲ್ಲಿ ಧ್ಯಾನದ ಮಾತೆತ್ತಲೇಬಾರದು.

ಆದರೆ "ಒಂದು ದಿನದ್ದಾದರೂ" ಅನ್ನೋದನ್ನು ಒಪ್ಪಲ್ಲ. ಒಂದು ದಿನದಲ್ಲಿ ಪರಿಚಯ ಮಾಡಿಸಿ, ಬೇಡ ಅನ್ನಲ್ಲ. ಇಬ್ಬರು ಕ್ಲೈಂಟ್‌ಗಳ ನಡುವೆ ಮೂರು ನಿಮಿಷ ನಿಲ್ಲೋದನ್ನು ಕಲಿಸಿ. ಈಗ ಒಳಗೆ ಏನು ನಡೀತಿದೆ ಅಂತ ನೋಡೋದು, ಉಸಿರಿಗೆ ಬರೋದು, ಆಮೇಲೆ ಇಡೀ ಮೈಗೆ ಗಮನ ಹರಡೋದು. ಅಷ್ಟಕ್ಕೇ ಮೊದಲಿನವರ ಭಾರ ಮುಂದಿನವರ ಮೇಲೆ ಬೀಳೋದು ಎಷ್ಟೋ ತಪ್ಪುತ್ತೆ. ಅದನ್ನು ಬಿಟ್ಟು, ಇವತ್ತು ಕಲಿತು ನಾಳೆ ಕಲಿಸಿ ಅನ್ನೋದು ಬೇರೆ. ಅದರಿಂದ ಪೆಟ್ಟು ಬೀಳುತ್ತೆ. ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಉಸಿರು ನೋಡುವುದೇ ಹೆದರಿಕೆ ತರಬಹುದು. ಹಳೆಯದೆಲ್ಲ ನುಗ್ಗಿ ಬರಬಹುದು. ಕಣ್ಣು ತೆರೆದಿರಲಿ, ಪಾದ ನೆಲಕ್ಕೆ ತಾಗಿರೋದು ಗಮನಿಸಿ, ಹೊರಗಿನ ಸದ್ದು ಕೇಳಿ, ಬೇಡ ಅನ್ನಿಸಿದರೆ ನಿಲ್ಲಿಸಿ ಅಂತ ಹೇಳಲು ಬರಬೇಕು. ಅದಕ್ಕಿಂತ ಮುಂಚೆ ಎದುರಿಗಿರುವವರ ಮುಖ ಕಾಣಬೇಕು. ಫೋನ್ ನೋಡುತ್ತಿದ್ದರೆ ಮುಖ ಕಾಣಲ್ಲ.

ನಮ್ಮ ಭಾಷೆಯಲ್ಲೇ ಇದೆಲ್ಲ ಇದೆ. ಕಿವಿಗೊಡು ಅನ್ನುತ್ತೇವೆ. ಕಿವಿಯನ್ನು ಕೊಡಬೇಕು. ಸಾವಧಾನವಾಗಿ ಕೇಳು ಅನ್ನುತ್ತೇವೆ. ಅವಧಾನ ಅಂದರೆ ಗಮನವೇ. ಪಾಲಿಯ "ಸತಿ" ಅನ್ನುವ ಪದವನ್ನೇ ಇಂಗ್ಲಿಷಿಗೆ ಮೈಂಡ್‌ಫುಲ್‌ನೆಸ್ ಅಂತ ತಂದಿದ್ದು. ಸಂಸ್ಕೃತದಲ್ಲಿ ಅದು ಸ್ಮೃತಿ, ಅಂದರೆ ನೆನಪು. ಮನಸ್ಸು ಹೊರಟುಹೋದಾಗ ವಾಪಸ್ ಬರಬೇಕು ಅನ್ನುವ ನೆನಪು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ನಿನ್ನೆ ಆ ಹುಡುಗಿ ಕೈ ಎತ್ತಿದಾಗ ನಾನೂ ಎದ್ದು ಮಾತಾಡಲಿಲ್ಲ. ಮಾತಾಡಬೇಕಿತ್ತು. ಅಷ್ಟು ಜನರ ಮುಂದೆ ಯಾಕೆ ಅಂತ ಸುಮ್ನೆ ಕೂತೆ. ವಿರಾಮದಲ್ಲಿ ಅವಳನ್ನು ಹುಡುಕಿಕೊಂಡು ಹೋದೆ. ಕಾರಿಡಾರಿನ ಕಿಟಕಿ ಹತ್ತಿರ ಒಬ್ಬಳೇ ನಿಂತಿದ್ದಳು.

"ಉಸಿರು ಕಟ್ಟಿದ್ದು ಎಲ್ಲಿ?" ಅಂತ ಕೇಳಿದೆ.

ಅವಳು ಗಂಟಲ ಕೆಳಗೆ ಕೈ ಇಟ್ಟು ತೋರಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೇಳಿದಳು. ಮೂರು ವಾರದ ಹಿಂದೆ ಒಬ್ಬ ಕ್ಲೈಂಟ್ ತಾವು ಸಾಯಲು ಹೋದ ಕಥೆ ಹೇಳಿದ್ದರಂತೆ. ಅವತ್ತಿನಿಂದ ಇವಳು ಕಣ್ಣು ಮುಚ್ಚಿದರೆ ಅದೇ ಕೋಣೆ. "ಯಾರಿಗೂ ಹೇಳಿಲ್ಲ ಮೇಡಂ. ಇಷ್ಟಕ್ಕೇ ಹೀಗಾದರೆ ಈ ಕೆಲಸಕ್ಕೆ ಲಾಯಕ್ಕಲ್ಲ ಅಂದುಕೊಳ್ತಾರೆ ಅಂತ."

ಅವಳಿಗೆ ಸೂಪರ್‌ವೈಸರ್ ಇಲ್ಲ, ಅಂದರೆ ಕ್ಲೈಂಟ್‌ಗಳ ಜೊತೆಗಿನ ಕೆಲಸದ ಬಗ್ಗೆ ಮಾತಾಡಿ ದಾರಿ ಕೇಳಲು ಒಬ್ಬ ಹಿರಿಯ ಸಮಾಲೋಚಕರಿಲ್ಲ. ಸೇರಿದಾಗಿನಿಂದ ಒಬ್ಬಳೇ ನೋಡುತ್ತಿದ್ದಾಳೆ. ಒಳಗೆ ಮತ್ತೆ ಸ್ಲೈಡ್ ಶುರುವಾಗಿತ್ತು, ನಾವಿಬ್ಬರೂ ಹೋಗಲಿಲ್ಲ.

ಇವತ್ತು ಸಂಜೆ ಅವಳು ಫೋನ್ ಮಾಡುತ್ತಾಳೆ. ಹೊಸಬರಿಗೆ ಸೂಪರ್‌ವಿಷನ್ ಕೊಡುವವರು, ತಾವೂ ಅಭ್ಯಾಸ ಮಾಡುವವರು, ಆನ್‌ಲೈನ್ ಆದರೂ ಪರವಾಗಿಲ್ಲ, ನಿಮ್ಮಲ್ಲಿ ಯಾರಾದರೂ ಇದ್ದರೆ ಅಥವಾ ಗೊತ್ತಿದ್ದರೆ ಅಷ್ಟರೊಳಗೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಹೆಸರುಗಳನ್ನು ಕಮೆಂಟಿನಲ್ಲಿ ಹಾಕಬೇಡಿ.