ಫೋಟೋ ಬಂತಂದ್ರ ಪಾಠ ಆತು

ಶಾಲೆಯಲ್ಲಿ ಪಾಠ ನಡೆದಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಮೊದಲೆಲ್ಲ ಮಕ್ಕಳನ್ನು ಕೇಳಬೇಕಿತ್ತು. ಅದು ಬಹಳ ತ್ರಾಸಿನ ಕೆಲಸ. ಮಕ್ಕಳು ನಿಜ ಹೇಳಿಬಿಡುತ್ತಿದ್ದರು. ಈಗ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಆ ಕಾಟ ಇಲ್ಲ. ವಾಟ್ಸಾಪ್ ಗ್ರೂಪಿಗೆ ಫೋಟೋ ಬಿತ್ತಾ? ಪಾಠ ಆಯ್ತು. ಫೋಟೋದಲ್ಲಿ ಒಂದು ದೊಡ್ಡ ಸ್ಕ್ರೀನ್ ಇರಬೇಕು. ಅದರ ಪಕ್ಕ ಶಿಕ್ಷಕರು ಕೈ ಚಾಚಿ ನಿಂತಿರಬೇಕು. ಮಕ್ಕಳು ಸ್ಕ್ರೀನ್ ಬಿಟ್ಟು ಕ್ಯಾಮೆರಾ ನೋಡುತ್ತಿರಬೇಕು. ಕೆಳಗೆ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು, ವೇಳೆ. ಅಕ್ಷಾಂಶ ಎಂದರೇನು ಅಂತ ಆ ಮಕ್ಕಳನ್ನು ಕೇಳಲು ಹೋಗಬೇಡಿ. ಆ್ಯಪ್‌ಗೆ ಗೊತ್ತಿದೆ, ಸಾಕು.

ಇದಕ್ಕೊಂದು ಹಿನ್ನೆಲೆ ಇದೆ. ಶಾಲೆಯ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಕಲಿಕಾ ಫಲಗಳ ಪಟ್ಟಿ ಕೊಟ್ಟಿತು. ಯಾವ ತರಗತಿ ಮುಗಿಸಿದ ಮಗುವಿಗೆ ಏನೇನು ಬರಬೇಕು ಅನ್ನುವ ಪಟ್ಟಿ. ಪಟ್ಟಿ ಚೆನ್ನಾಗಿಯೇ ಇದೆ, ಸುಮ್ನೆ ಹೊಗಳುತ್ತಿಲ್ಲ. ಅದೇ ವರ್ಷ ದೀಕ್ಷಾ ಅನ್ನುವ ಆನ್‌ಲೈನ್ ಪಾಠಗಳ ವೇದಿಕೆ ಬಂತು. ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡುವ ಮೊಬೈಲ್ ಅಪ್ಪನ ಜೇಬಿನಲ್ಲಿ, ಅಪ್ಪ ಕಬ್ಬಿನ ಗದ್ದೆಯಲ್ಲಿ. ಹಾಗಾಗಿ ಮಕ್ಕಳು ಆ ಕೋಡ್‌ನ ಬಿಳಿ ಚೌಕಗಳಿಗೆ ನೀಟಾಗಿ ಬಣ್ಣ ತುಂಬಿದರು. 2021ರಲ್ಲಿ ನಿಪುಣ್ ಭಾರತ್ ಬಂತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಲೆಕ್ಕ ಮಾಡಬೇಕು ಅಂತ ಗುರಿ. ಹೀಗೆ ಫಲ ಒಂದು ಕಡೆ ಸಿದ್ಧ, ಯಂತ್ರ ಒಂದು ಕಡೆ ಸಿದ್ಧ. ನಡುವೆ ಮಾಸ್ತರರು ಅಂತ ಒಬ್ಬರಿದ್ದಾರೆ ಅನ್ನುವುದು ಸಭೆಯಲ್ಲಿ ಯಾರಿಗೋ ನೆನಪಾಗುವಷ್ಟರಲ್ಲಿ ಚಹಾ ಬಂದಿರಬೇಕು.

ಸಿಂದಗಿ ಕಡೆಯ ಒಂದು ಊರು, ಹೆಸರು ಬೇಡ. ಜುಲೈ ತಿಂಗಳು. ಬೀಜ ಮೊಳೆಯುವ ಪಾಠ. ಪಾಠ ಟಿಪ್ಪಣಿಯಲ್ಲಿ ‘ಐಸಿಟಿ ಬಳಕೆ’, ಅಂದರೆ ಕಂಪ್ಯೂಟರ್, ಮೊಬೈಲಿನಂಥ ತಂತ್ರಜ್ಞಾನದ ಬಳಕೆ, ಅಂತ ಒಂದು ಕಾಲಂ ಇರುತ್ತದೆ, ಅದನ್ನು ಖಾಲಿ ಬಿಡುವಂತಿಲ್ಲ. ಕಿಟಕಿ ಆಚೆಯೇ ಹೊಲ. ಮಳೆ ಬಿದ್ದು ತೊಗರಿ ಅದೇ ವಾರ ನೆಲ ಸೀಳಿ ಎದ್ದಿದೆ. ಮಕ್ಕಳನ್ನು ನಾಲ್ಕು ಹೆಜ್ಜೆ ನಡೆಸಿ ಒಂದು ಸಸಿ ಕಿತ್ತು ಕೈಗೆ ಕೊಟ್ಟರೆ ಪಾಠ ಮುಗಿಯುತ್ತಿತ್ತು. ಆದರೆ ಹೊಲ ಐಸಿಟಿ ಅಲ್ಲವಲ್ಲ. ಅಕ್ಕೋರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ತಮ್ಮದೇ ಡೇಟಾ ಖರ್ಚು ಮಾಡಿ ವೀಡಿಯೊ ಹಾಕಿದರು. ಬೀಜ ಉಬ್ಬಿತು. ಸಿಪ್ಪೆ ಬಿರಿಯಿತು. ಬೇರಿನ ತುದಿ ಇಣುಕಿತು. ಅಲ್ಲಿಗೆ ನೆಟ್‌ವರ್ಕ್ ಕೈಕೊಟ್ಟು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ಬೀಜ ಮಾತ್ರ ಅಲ್ಲೇ.

ಹಿಂದಿನಿಂದ ಒಬ್ಬ ಎದ್ದು ನಿಂತ. “ಅಕ್ಕೋರ, ನಮ್ಮ ಹೊಲದಾಗ ನಿನ್ನೆನ ಎರಡೆಲಿ ಬಿಟ್ಟಾವ್ರಿ. ಓಡಿ ಹೋಗಿ ತರಲೇನ್ರಿ?”

“ಸುಮ್ಕ ಕುಂದ್ರೋ. ಫೋಟೋ ತಗೊಳ್ಳೂ ಮುಂದ ಅಳ್ಳಾಡಬ್ಯಾಡ.”

ಫೋಟೋ ಆಯ್ತು, ಕರೆಂಟ್ ಹೋಯ್ತು. ಟಿಪ್ಪಣಿಯಲ್ಲಿ ಬಿದ್ದ ಸಾಲು: ‘ವೀಡಿಯೊ ಮೂಲಕ ಬೀಜ ಮೊಳೆಯುವ ಹಂತಗಳನ್ನು ತೋರಿಸಲಾಯಿತು. ಎಲ್ಲ ಮಕ್ಕಳೂ ಕಲಿಕಾ ಫಲ ಸಾಧಿಸಿದ್ದಾರೆ.’ ಸುಳ್ಳಲ್ಲ ಬಿಡಿ. ಆ ಮಕ್ಕಳು ಬಿತ್ತನೆ ದಿನ ಅಪ್ಪನ ಹಿಂದೆ ನಡೆದಾಗಲೇ ಸಾಧಿಸಿದ್ದರು.

ಅಕ್ಕೋರನ್ನು ಬೈಯಬೇಡಿ. ಅವರ ಮೊಬೈಲಿನೊಳಗೆ ಒಂದು ಇಲಾಖೆಯೇ ಕೂತಿದೆ. ಬೆಳಗ್ಗೆ ಹಾಜರಿ. ಮಧ್ಯಾಹ್ನ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು. ಆಮೇಲೆ ಮಕ್ಕಳ ಮಾಹಿತಿಗೆ ಎಸ್‌ಎಟಿಎಸ್, ಶಾಲೆಯ ಮಾಹಿತಿಗೆ ಯುಡೈಸ್, ಪ್ರತಿ ಮಗುವಿನ ಗುರುತಿನ ಸಂಖ್ಯೆಗೆ ಅಪಾರ್ ಐಡಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇರುವ ಹುಡುಗ ಯಾರು ಅಂತ ಹುಡುಕುವುದರಲ್ಲೇ ಸಂಜೆ. ಶಿಕ್ಷಣ ಹಕ್ಕು ಕಾಯ್ದೆ 2009ರ 27ನೇ ಕಲಂ ಏನೋ ಸ್ಪಷ್ಟವಾಗಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟು ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಹೊಸ ಆ್ಯಪ್‌ಗಳು ವಿಪತ್ತಿನ ಲೆಕ್ಕದಲ್ಲಿ ಬರುತ್ತವೆ ಅಂತ ಕಾಣುತ್ತದೆ. 2025ರ ದಸರೆಯಲ್ಲಂತೂ ಶಿಕ್ಷಕರು ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ಆ್ಯಪ್ ಹಿಡಿದು ಮನೆ ಮನೆ ತಿರುಗಿದರು. ಅದು ಮುಗಿಯಲೆಂದು ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು.

ಆದೇಶ ಬರುವ ರೀತಿಯನ್ನೂ ನೋಡಬೇಕು. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಅಂತ ಗೈಡ್‌ಗಳು ತೋರಿಸುತ್ತಾರಲ್ವಾ, ಹಾಗೇ ಇದು. ಬೆಂಗಳೂರಿನಲ್ಲಿ ಯಾರೋ ಒಂದು ಸಲ ‘ತಕ್ಷಣ’ ಅನ್ನುತ್ತಾರೆ. ಜಿಲ್ಲೆಯ ಡಿಡಿಪಿಐ ಗ್ರೂಪಿನಲ್ಲಿ ‘ತಕ್ಷಣ’, ತಾಲ್ಲೂಕಿನ ಬಿಇಒ ಗ್ರೂಪಿನಲ್ಲಿ ‘ಅತಿ ತುರ್ತು’, ಅವರ ಕೆಳಗಿನ ಬಿಆರ್‌ಸಿ ಗ್ರೂಪಿನಲ್ಲಿ ‘ಇಂದೇ’, ಹತ್ತಾರು ಶಾಲೆ ನೋಡುವ ಸಿಆರ್‌ಪಿ ಗ್ರೂಪಿನಲ್ಲಿ ‘ಇನ್ನೊಂದು ತಾಸಿನೊಳಗೆ’. ಗುಮ್ಮಟದಲ್ಲಿ ಸದ್ದು ಬರಬರುತ್ತ ಸಣ್ಣದಾಗುತ್ತದೆ. ನಮ್ಮ ಇಲಾಖೆಯಲ್ಲಿ ಕೆಳಗಿಳಿದಂತೆ ಜೋರಾಗುತ್ತದೆ.

ಇನ್ನು ಸ್ಮಾರ್ಟ್ ಬೋರ್ಡ್. ಎಷ್ಟೋ ಕಡೆ ಅದು ಇರುವುದು ಹೆಡ್ ಮಾಸ್ತರರ ಕೋಣೆಯಲ್ಲಿ, ಹೂವಿನ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು. ತರಗತಿಯ ಬಾಗಿಲಿಗೆ ಚಿಲಕ ಇಲ್ಲ. ಬೋರ್ಡು ದಾಸ್ತಾನು ರಿಜಿಸ್ಟರಿನಲ್ಲಿ ಹೆಡ್ ಮಾಸ್ತರರ ಸಹಿಯ ಮೇಲೆ ಇದೆ. ಕಳುವಾದರೆ ಅವರ ಪಗಾರಕ್ಕೆ ಕತ್ತರಿ. ಮಕ್ಕಳು ಕಲಿಯದೇ ಹೋದರೆ ಪಗಾರಕ್ಕೆ ಏನೂ ಆಗುವುದಿಲ್ಲ. ನೀವು ಆ ಜಾಗದಲ್ಲಿದ್ದರೆ ಯಾವುದನ್ನು ಕಾಯುತ್ತಿದ್ದಿರಿ? ಒಂದು ಶಾಲೆಯಲ್ಲಿ ಬೋರ್ಡು ತೆರೆಯಲು ಓಟಿಪಿ ಬೇಕು. ಅದು ಹೋಗುವುದು ಹಿಂದಿನ ಹೆಡ್ ಮಾಸ್ತರರ ನಂಬರಿಗೆ. ಅವರಿಗೆ ಜಮಖಂಡಿಗೆ ವರ್ಗ ಆಗಿದೆ. ಅವರು ಅಲ್ಲಿ ಪಾಠದಲ್ಲಿದ್ದರೆ ಇಲ್ಲಿ ಪಾಠ ಇಲ್ಲ.

ಯುನೆಸ್ಕೊ 2023ರಲ್ಲಿ ಇದೇ ವಿಷಯದ ಮೇಲೆ ಜಾಗತಿಕ ವರದಿ ಹೊರತಂದಿತು. ಇಂಥ ಸಾಮಾನು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತದೆ, ಇದರಿಂದ ಕಲಿಕೆ ಎಷ್ಟು ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಕಡಿಮೆ ಅಂತ ಅದರಲ್ಲಿದೆ. ಪಾಪ, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ನಾವು ಪುರಾವೆಯನ್ನೇ ಮೊದಲು ತೆಗೆದುಕೊಳ್ಳುವುದು, ಅದೂ ಜಿಯೋಟ್ಯಾಗ್ ಸಮೇತ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಸಾಫ್ಟ್‌ವೇರ್ ಅಂತ ಈಗ ಮಾರಲು ಬರುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಅನ್ನುವ ಕಲಿಕಾ ಪದ್ಧತಿ ಅದನ್ನು ಕಾರ್ಡುಗಳಲ್ಲೇ ಮಾಡಿತ್ತು. ಕಾರ್ಡಿಗೆ ಚಾರ್ಜರ್ ಬೇಡ, ಟೆಂಡರ್ ಚಿಕ್ಕದು, ರಿಬ್ಬನ್ ಕತ್ತರಿಸಿದರೂ ಫೋಟೋದಲ್ಲಿ ಕಾಣುವುದಿಲ್ಲ.

ಯಂತ್ರವೇ ಬೇಡ ಅನ್ನುವವನು ನಾನಲ್ಲ. ಬಾಗಲಕೋಟೆ ಕಡೆ ಒಬ್ಬ ಮಾಸ್ತರರು ಕೃಷ್ಣೆಯ ಪಾಠಕ್ಕೆ ಉಪಗ್ರಹ ನಕ್ಷೆ ತೆರೆದು ತಮ್ಮ ಮೊಬೈಲನ್ನು ಮಕ್ಕಳ ಕೈಗೇ ಕೊಟ್ಟರು. ಆಲಮಟ್ಟಿ ಹಿನ್ನೀರು ಎಲ್ಲಿಂದ ಎಲ್ಲಿಗೆ ಹಬ್ಬಿದೆ ಅಂತ ಮಕ್ಕಳು ಬೆರಳಿನಿಂದ ಹಿಗ್ಗಿಸಿ ನೋಡಿದರು. ಒಬ್ಬಳು ನೀರಿನ ಮೇಲೆ ಬೆರಳಿಟ್ಟು “ಸರ, ನಮ್ಮ ಆಯಿ ಊರು ಇಲ್ಲೇ ಐತ್ರಿ, ಇದರ ತೆಳಗ” ಅಂದಳು. ಊರು ಯಾಕೆ ಮುಳುಗಿತು, ನೀರು ಯಾರ ಹೊಲಕ್ಕೆ ಹೋಯಿತು, ಅಲ್ಲಿದ್ದವರು ಎಲ್ಲಿಗೆ ಹೋದರು ಅಂತ ಪ್ರಶ್ನೆ ಶುರುವಾಗಿ ಗಂಟೆ ಹೊಡೆದರೂ ನಿಲ್ಲಲಿಲ್ಲ. ಅಂಥ ಪಾಠ ಯಾವ ಪಟ್ಟಿಯ ಯಾವ ಫಲಕ್ಕೂ ಕಡಿಮೆಯಲ್ಲ. ಆದರೆ ಒಂದು ತಪ್ಪಾಯಿತು. ಮೊಬೈಲ್ ಮಕ್ಕಳ ಕೈಯಲ್ಲಿತ್ತು, ಫೋಟೋ ತೆಗೆಯುವವರು ಯಾರು? ಆ ದಿನದ ವರದಿಯಲ್ಲಿ ಆ ಶಾಲೆಯ ಮುಂದೆ ‘ಐಸಿಟಿ ಬಳಸಿಲ್ಲ’ ಅಂತ ಬಂತು. ಕಾರಣ ಕೇಳಿ ಮೆಸೇಜೂ ಬಂತು.

ಹಾಗಂತ ತಪಾಸಣೆಯೇ ಇಲ್ಲ ಅನ್ನಬೇಡಿ. ಇಂಡಿ ಕಡೆಯ ಒಂದು ಶಾಲೆಗೆ ಸಾಹೇಬರು ಬಂದರು. ಬರುವ ಸುದ್ದಿ ಮೊದಲೇ ಸಿಕ್ಕಿದ್ದರಿಂದ ಸ್ಮಾರ್ಟ್ ಬೋರ್ಡನ್ನು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಎತ್ತಿ ತಂದು ನಾಲ್ಕನೇ ತರಗತಿಯಲ್ಲಿ ನಿಲ್ಲಿಸಿದ್ದರು. ಸ್ವಿಚ್ ಒತ್ತಿದ ಕೂಡಲೇ ಅದು ಅಪ್‌ಡೇಟ್ ಮಾಡಿಕೊಳ್ಳತೊಡಗಿತು. ಸ್ಕ್ರೀನ್ ಕಪ್ಪಗೆ. ಸಾಹೇಬರಿಗೆ ಇನ್ನೂ ಬೇರೆ ಶಾಲೆಗಳಿದ್ದವು. ಮುಂದೆ ಕೂತಿದ್ದ ಹುಡುಗನನ್ನು ಎಬ್ಬಿಸಿದರು. “ಏನ್ ಕಾಣಸ್ತದೋ ಅದನ್ನ ಓದಪಾ, ತಮ್ಮಾ.”

ಹುಡುಗ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದ. ಅದರ ಕೆಳ ಅಂಚಿಗೆ ಹೆಡ್ ಮಾಸ್ತರರು ಹಿಂದೆಂದೋ ಅಂಟಿಸಿದ್ದ ಒಂದು ಚೀಟಿ ಇತ್ತು. ಬೆರಳು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. “ಮು... ಟ್ಟ... ಬಾ... ರ... ದು.”

“ಶಾಬಾಸ್!” ಅಂದರು ಸಾಹೇಬರು. ಟ್ಯಾಬ್ ತೆಗೆದು ಟಿಕ್ ಹಾಕಿದರು: ‘ಸ್ಮಾರ್ಟ್ ಬೋರ್ಡ್ ಬಳಸಿ ಓದುತ್ತಾರೆ. ಒತ್ತಕ್ಷರ ಬರುತ್ತದೆ. ತರಗತಿ ಮಟ್ಟಕ್ಕೆ ಸರಿ ಇದೆ.’