ಹುಲಿ ಇಲ್ಲದ ಕಾಡಲ್ಲಿ ದನ ಕಾಯೋದು

ಮ್ಯೂನಿಕ್‌ಗೆ ಬಂದು ಏಳು ವರ್ಷವಾದರೂ ಕಾಡು ಅಂದರೆ ನನಗೆ ಇನ್ನೂ ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ನಮ್ಮ ಹನೂರು ಕಡೆಯದೇ. ಹಾಗಾಗಿ ಇಲ್ಲಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಬೆರ್ಖ್ಟೆಸ್‌ಗಾಡೆನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗಲೆಲ್ಲ ಮನಸ್ಸು ಸುಮ್ನೆ ಇರುವುದಿಲ್ಲ. ಕೋನಿಗ್ಸೀ ಸರೋವರವನ್ನು ಬ್ಯಾಟರಿ ದೋಣಿಯಲ್ಲಿ ದಾಟಿ (1909ರಿಂದಲೂ ಅಲ್ಲಿ ಕರೆಂಟ್ ದೋಣಿಗಳೇ), ಇನ್ನೊಂದು ಪುಟ್ಟ ಸರೋವರದ ಪಕ್ಕದ ಕಲ್ಲುದಾರಿಯಲ್ಲಿ ನಡೆದರೆ ಫಿಶುಂಕೆಲ್ ಆಲ್ಮ್ ಸಿಗುತ್ತದೆ. ಆಲ್ಮ್ ಅಂದರೆ ಬೇಸಿಗೆಗೆ ದನ ಹೊಡೆದುಕೊಂಡು ಹೋಗುವ ಬೆಟ್ಟದ ಹುಲ್ಲುಗಾವಲು, ಜತೆಗೊಂದು ಮರದ ಮನೆ. ನಮ್ಮ ಕಡೆ ಕಾಡಲ್ಲಿ ದನ ಕೂಡುವ ದೊಡ್ಡಿ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿ ಕೂತು ಮಜ್ಜಿಗೆ ಕುಡಿದೆ. ಉಪ್ಪಿಲ್ಲ, ಅದೊಂದು ಬೇಜಾರು.

1978ರಲ್ಲಿ ಆದ ಉದ್ಯಾನ ಇದು. ಬಹುಪಾಲು ಕಾಡಲ್ಲಿ ಬಿದ್ದ ಮರವನ್ನೂ ಎತ್ತುವುದಿಲ್ಲ, ಅಲ್ಲೇ ಕೊಳೆಯಲಿ ಅಂತ ಬಿಡುತ್ತಾರೆ. ಆದರೂ ದನಕ್ಕೆ ಜಾಗ ಇದೆ! ಮೇಯಿಸುವ ಹಕ್ಕುಗಳು ತಲೆಮಾರುಗಳಿಂದ ಕಾಗದದಲ್ಲಿವೆ. ಕಾಡೊಳಗೆ ಮೇಯಿಸುವ ಹಕ್ಕು ಬಿಟ್ಟುಕೊಡುವ ರೈತನಿಗೆ ಬದಲಿಗೆ ಬಯಲು ಹುಲ್ಲುಗಾವಲು ಕೊಡುವ ಪದ್ಧತಿಯೂ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿದೆ. ಅಕ್ಟೋಬರ್ ಹೊತ್ತಿಗೆ ದನಗಳು ದೋಣಿ ಹತ್ತಿ ಈಚೆ ಬರುತ್ತವೆ, ದಡದಲ್ಲಿ ತಲೆಗೆ ಬಣ್ಣದ ಸಿಂಗಾರ. ಆ ವರ್ಷ ಬೆಟ್ಟದಲ್ಲಿ ದನ ಸತ್ತಿದ್ದರೆ ಸಿಂಗಾರ ಇಲ್ಲ. ನಮ್ಮವರ ಸೂತಕದ ಲೆಕ್ಕವೇ, ಅಲ್ವಾ?

ನಮ್ಮಲ್ಲಿ? 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಆಮೇಲೆ ಕಾಡಲ್ಲಿ ಮೇಯಿಸಲೇಬಾರದು ಅನ್ನುವ ಮಾತು ಜೋರಾಯಿತು. ವಿಷ ಹಾಕಿದ್ದಕ್ಕೆ ಕ್ಷಮೆಯಿಲ್ಲ. ಆದರೆ ದೊಡ್ಡಿ ನಂಬಿದವನಿಗೆ ಬದಲಿ ಹುಲ್ಲು ಎಲ್ಲಿ ಅಂತ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಊರ ಗೋಮಾಳ ಉಳಿದಿದ್ದರೆ ಯಾರು ಕಾಡಿಗೆ ದನ ಹೊಡೆಯುತ್ತಿದ್ದರು?

ಹಾಗಂತ ಜರ್ಮನ್ನರನ್ನು ಜಾಸ್ತಿ ಹೊಗಳೋಕೂ ಮನಸ್ಸಿಲ್ಲ. ಇಲ್ಲಿನ ಕೊನೇ ಕರಡಿಯನ್ನು 1835ರಲ್ಲೇ ಹೊಡೆದು ಮುಗಿಸಿದರು. 2006ರಲ್ಲಿ ಇಟಲಿ ಕಡೆಯಿಂದ ಒಂದು ಕರಡಿ ಬಂತು, ಕುರಿ ತಿಂದಿತು, ಬವೇರಿಯಾದಲ್ಲಿ ಕೆಲವೇ ವಾರದಲ್ಲಿ ಅದಕ್ಕೂ ಗುಂಡು. ದನ ನೆಮ್ಮದಿಯಾಗಿ ಮೇಯುವುದರ ಹಿಂದೆ ಇದೂ ಇದೆ.

ಆಲ್ಮ್‌ನಲ್ಲಿ ಮಜ್ಜಿಗೆ ಕೊಟ್ಟ ಅಜ್ಜಿಗೆ ನಮ್ಮೂರ ಪಕ್ಕದ ಕಾಡಲ್ಲಿ ಹುಲಿ ಇದೆ ಅಂದೆ. ಲೋಟ ಒರೆಸುತ್ತಿದ್ದ ಕೈ ನಿಂತಿತು. 'ಹಾಗಾದರೆ ರಾತ್ರಿ ದನ ಯಾರು ಕಾಯುತ್ತಾರೆ?' ಅಂದರು.