ಹಳ್ಳ ದಾಟುವ ಕಷ್ಟಸುಖ

ಕುದುರೆಮುಖ ಹತ್ತಿ ಬಂದವರ ಫೋಟೋಗಳನ್ನು ನೋಡಿ. ಹಸಿರು ಬೆಟ್ಟದ ಏಣು, ಹಿಂದೆ ಮಂಜು, ಮುಂದೆ ಕೈ ಚಾಚಿ ನಿಂತ ಗೆಳೆಯರು. ಹಳ್ಳ ದಾಟುತ್ತಿರುವ ಫೋಟೋ ಮಾತ್ರ ಅಪರೂಪ. ತೆಗೆಯುವುದಾದರೂ ಹೇಗೆ? ಆ ಹೊತ್ತಿಗೆ ಫೋನು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಬ್ಯಾಗಿನ ತಳ ಹಿಡಿದಿರುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪಕ್ಕದವರ ತೋಳು.

ನನ್ನ ಕೇಳಿದರೆ, 1894 ಮೀಟರ್ ಎತ್ತರದ ಆ ಶಿಖರಕ್ಕಿಂತ ಕೆಳಗಿನ ಹಳ್ಳಗಳೇ ಜಾಸ್ತಿ ಸ್ವಾರಸ್ಯ. ಶಿಖರದಲ್ಲಿ ಎಲ್ಲರೂ ಒಂದೇ ಥರ ಇರುತ್ತಾರೆ, ಒಂದೇ ಥರ ನಗುತ್ತಾರೆ. ಹಳ್ಳದ ದಡದಲ್ಲಿ ಒಬ್ಬೊಬ್ಬರದೂ ಒಂದೊಂದು ಜಾತಕ. ಒಬ್ಬರು ಶೂ ಬಿಚ್ಚಿ, ಲೇಸು ಗಂಟು ಹಾಕಿ ಕುತ್ತಿಗೆಗೆ ಹಾರದಂತೆ ಹಾಕಿಕೊಳ್ಳುತ್ತಾರೆ. ಇನ್ನೊಬ್ಬರು ಕುಂಟೆಬಿಲ್ಲೆ ಆಡಿದ ಹಾಗೆ ಕಲ್ಲಿಂದ ಕಲ್ಲಿಗೆ ಹಾರಿ, ನಾಲ್ಕನೇ ಕಲ್ಲಿನಲ್ಲಿ ಮುಂದೆ ಕಲ್ಲೇ ಇಲ್ಲ ಎಂದು ಕಂಡು ಅಲ್ಲೇ ನಿಂತುಬಿಡುತ್ತಾರೆ. ದುಬಾರಿ ವಾಟರ್‌ಪ್ರೂಫ್ ಶೂ ಹಾಕಿದವರು ಧೈರ್ಯವಾಗಿ ಇಳಿಯುತ್ತಾರೆ. ನೀರು ಮೇಲಿನಿಂದ ನುಗ್ಗುತ್ತದೆ. ಆಮೇಲೆ ಆ ಶೂ ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ, ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲ.

ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯಿಂದ ಜೊತೆಗೆ ಬರುವ ಗೈಡ್ ಇದನ್ನೆಲ್ಲ ದಿನಾ ನೋಡಿದವರು. ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಮಾತಾಡುತ್ತಲೇ ಆಚೆ ದಡ ಸೇರಿರುತ್ತಾರೆ. ಅಲ್ಲಿಂದಲೇ ಕೂಗುತ್ತಾರೆ: "ಒದ್ದೆ ಆದ್ರೆ ಒಣಗ್ತದೆ ಮಾರಾಯ್ರೆ, ಜಾರಿದ್ರೆ ಕಷ್ಟ. ಸೀದಾ ನೀರಿಗೇ ಕಾಲಿಡಿ!"

ಅವರ ಮಾತಿನಲ್ಲಿ ಲೆಕ್ಕವಿದೆ. ನೀರಿನ ಮೇಲೆ ಎದ್ದು ಕಾಣುವ ಕಲ್ಲಿಗೆ ಪಾಚಿ ಹಿಡಿದಿದ್ದರೆ ಜಾರುಬಂಡಿಯೇ. ತಳದ ಜಲ್ಲಿಯ ಮೇಲೆ ಕಾಲು ಗಟ್ಟಿಯಾಗಿ ಊರುತ್ತದೆ. ಕಿರಿದಾದ ಜಾಗ ಹತ್ತಿರ ಅನಿಸುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ಸೆಳೆತ. ಅಗಲವಾಗಿ ಹರಡಿ ಹರಿಯುವ ಕಡೆ ನಾಲ್ಕು ಹೆಜ್ಜೆ ಹೆಚ್ಚಾದರೂ ನೀರು ಮೊಣಕಾಲಿನ ಕೆಳಗೇ ಇರುತ್ತದೆ. ಇನ್ನೊಂದು ಮಾತು, ನೀರಿಗಿಳಿಯುವ ಮೊದಲು ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಬೇಕು. ಬಿದ್ದರೆ ಬ್ಯಾಗು ಕಳಚಿಕೊಳ್ಳಬಹುದು. ಚಿತ್ರಾನ್ನದ ಡಬ್ಬಿ ಹೋದರೆ ಹೋಗಲಿ. (ಹಾಗೆ ಹೇಳುವುದು ಸುಲಭ. ಹಸಿವಾದಾಗ ಗೊತ್ತಾಗುತ್ತದೆ.)

ಊರಿನವರಿಗೆ ಹಳ್ಳ ದಾಟುವುದು ಮೋಜಲ್ಲ. ಮಲೆನಾಡಿನಲ್ಲಿ ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿ ಕಾಲುಸಂಕ ಮಾಡುತ್ತಾರೆ. ಮಳೆಗಾಲದಲ್ಲಿ ಅದು ಕೊಳೆಯುತ್ತದೆ, ಕೊಚ್ಚಿಯೂ ಹೋಗುತ್ತದೆ. ಮತ್ತೆ ಕಟ್ಟಬೇಕು. ಅದರ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಹಾಲಿನ ಕ್ಯಾನು ಹೋಗುತ್ತದೆ, ಕಾಯಿಲೆಯವರನ್ನು ಹೊತ್ತುಕೊಂಡೂ ಹೋಗುತ್ತಾರೆ. ನಾವು ದುಡ್ಡು ಕೊಟ್ಟು, ಆನ್‌ಲೈನ್‌ನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಜೀಪಿನಲ್ಲಿ ಸೊಂಟ ಮುರಿಸಿಕೊಂಡು ಬಂದು ದಾಟುತ್ತೇವೆ. ಅವರು ನಮ್ಮನ್ನು ನೋಡಿ ನಗುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ಹಳ್ಳ ಮುಗಿದ ಮೇಲೆ ಕಾಡು, ಕಾಡು ಮುಗಿದ ಮೇಲೆ ಹುಲ್ಲು. ರಕ್ತ ಹೀರುವ ಇಂಬಳಗಳ ವಿಷಯ ಬಿಡಿ, ಅದನ್ನು ಬರೆದವರು ಬೇಕಾದಷ್ಟಿದ್ದಾರೆ. ಒಂಟಿಮರ ದಾಟಿ ಏಣಿನ ಮೇಲೆ ಬಂದು ತಿರುಗಿ ನೋಡಿದಾಗ ಹಳ್ಳದ ಗುಟ್ಟು ಬಯಲಾಗುತ್ತದೆ. ಬೆಟ್ಟದ ಮೈಯೆಲ್ಲ ಬೋಳು ಹುಲ್ಲು. ಎರಡು ಗುಡ್ಡಗಳ ಸಂದಿನಲ್ಲಿ ಮಾತ್ರ ಒತ್ತಾದ, ಕಪ್ಪು ಹಸಿರಿನ ಕಾಡು. ಅದೇ ಶೋಲಾ. ಸುರಿದ ಮಳೆಯನ್ನು ಹುಲ್ಲು ತಡೆದು ನೆಲಕ್ಕೆ ಇಳಿಸುತ್ತದೆ, ಶೋಲಾದ ತರಗೆಲೆ ತುಂಬಿದ ಮಣ್ಣು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಮಳೆ ನಿಂತು ತಿಂಗಳುಗಳಾದರೂ ಕೆಳಗೆ ಹಳ್ಳ ಹರಿಯುತ್ತಿರುತ್ತದೆ. ಬೆಳಿಗ್ಗೆ ನಮ್ಮ ಸಾಕ್ಸು ನೆನೆಸಿದ ನೀರು ಅಲ್ಲೆಲ್ಲೋ ಗುಡ್ಡದ ಮಡಿಕೆಯಿಂದ ಹೊರಟದ್ದು. ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೂರು ನದಿಗಳ ತವರಿನ ಪಕ್ಕದಲ್ಲೇ 2005ರ ಕೊನೆಯವರೆಗೂ ಕಬ್ಬಿಣದ ಅದಿರು ಅಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಿಂತಿತು. 1987ರಲ್ಲೇ ರಾಷ್ಟ್ರೀಯ ಉದ್ಯಾನವಾಗಿತ್ತು ಎನ್ನುವುದನ್ನೂ ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂರೋಣ ಎನ್ನುವಷ್ಟರಲ್ಲಿ ಗೈಡ್ ಎದ್ದು ನಿಲ್ಲುತ್ತಾರೆ. ಕಾಡಿನಲ್ಲಿ ಟೆಂಟು ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ನಿಯಮಕ್ಕಿಂತ ಅವರಿಗೆ ಮೋಡದ ಚಿಂತೆ. ನಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಆಚೆ ಗುಡ್ಡಕ್ಕೆ ಹೊಡೆದ ಮಳೆ ಹಳ್ಳಕ್ಕೆ ಬಂದೇ ಬರುತ್ತದೆ. ನೀರು ಕೆಂಪಗಾಗಿ, ಕಡ್ಡಿ, ತರಗೆಲೆ ತೇಲಿ ಬರತೊಡಗಿದರೆ ಇಳಿಯಬಾರದು. ದಡದಲ್ಲೇ ಕೂತು, ನೀರು ತಗ್ಗುವವರೆಗೆ ಕಾಯಬೇಕು. ಹೋಗಿ ಬರುವ ದಾರಿ ಒಂದೇ ಆದ್ದರಿಂದ ಬೆಳಿಗ್ಗೆ ದಾಟಿದ ಹಳ್ಳಗಳನ್ನೆಲ್ಲ ಸಂಜೆ ಮತ್ತೆ ದಾಟಬೇಕು. ಬೆಳಿಗ್ಗೆ ಲೇಸು ಬಿಚ್ಚುತ್ತಾ ಕೂತವರು ಈಗ ಯಾರೂ ಇಲ್ಲ. ಎಲ್ಲರೂ ಶೂ ಸಮೇತ ದನ ಇಳಿದ ಹಾಗೆ ನೀರಿಗೆ ಇಳಿಯುತ್ತಾರೆ. ವಾಟರ್‌ಪ್ರೂಫಿನವರು ಎಲ್ಲರಿಗಿಂತ ಮುಂದೆ.